ಹನುಮಕ್ಕನಿಗೆ ಓದಿ ಹೇಳಿದ ಪತ್ರಿಕಾ ಹೇಳಿಕೆ

ಹೋದ ತಿಂಗಳು ಕಚೇರಿಯ ಕೆಲಸದ ಮೇಲೆ ಹಗರಿಬೊಮ್ಮನಹಳ್ಳಿಗೆ ಹೋಗಿ ದಾವಣಗೆರೆಗೆ ಮರಳುತ್ತಿದ್ದೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಮಳೆ ಆಗತಾನೆ ಬಿಟ್ಟಿತ್ತು. ನಿಲ್ದಾಣದ ಎದುರಿನ ಓಣಿಯಲ್ಲಿ ಯಾರೋ ಬೆಲ್ಲದ ಪಾಕ ಕಾಯಿಸುತ್ತಿದ್ದರು. ಪಾಕ ಎಳೆ ಬಂದು, ಕಂದುಗಟ್ಟಿ, ಇನ್ನೊಂದು ಗಳಿಗೆ ಬಿಟ್ಟರೆ ಸೀದುಹೋಗುತ್ತದೆ ಅನ್ನುವ ಹೊತ್ತಿಗೆ ಒಂದು ವಾಸನೆ ಏಳುತ್ತದಲ್ಲ, ಅದು ಹುರಿದ ಶೇಂಗಾದ ವಾಸನೆಯ ಜೊತೆ ಬೆರೆತು ಹಸಿ ಗಾಳಿಯಲ್ಲಿ ಬಂತು. ಹರಪನಹಳ್ಳಿ ಮಾರ್ಗದ ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ. ಕಂಡಕ್ಟರು ಎರಡು ಸಲ ಕೂಗಿ ಹೋದ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬ್ಯಾಗು ತೊಡೆಗಿಟ್ಟುಕೊಂಡು ಎಂಟು ವರ್ಷದ ಹಿಂದಿನ ಒಂದು ಮಳೆಗಾಲದೊಳಗೆ ಕೂತುಬಿಟ್ಟೆ.

ನಾನೀಗ ಒಂದು ಖಾಸಗಿ ವಿದ್ಯಾಸಂಸ್ಥೆಯ ಸಾರ್ವಜನಿಕ ಸಂಪರ್ಕ ವಿಭಾಗ ನೋಡಿಕೊಳ್ಳುತ್ತೇನೆ. ವಾರಕ್ಕೆ ಏಳೆಂಟು ಪತ್ರಿಕಾ ಹೇಳಿಕೆ ಬರೆಯುತ್ತೇನೆ. ಬರೆದದ್ದು ಮೇಲ್‌ನಲ್ಲಿ ಹೋಗುತ್ತದೆ, ಮರುದಿನ ಅಚ್ಚಾಗುತ್ತದೆ ಇಲ್ಲವೇ ಆಗುವುದಿಲ್ಲ. ಯಾರೂ ನನ್ನೆದುರು ಕೂತು ಅದನ್ನು ಕೇಳುವುದಿಲ್ಲ. ಈ ಕೆಲಸವನ್ನು ನಾನು ಕಲಿತದ್ದು ಕೂಡ್ಲಿಗಿಯಲ್ಲಿ, ನಿವೃತ್ತ ಮೇಷ್ಟ್ರೊಬ್ಬರ ಮನೆಗೂ ಅಕ್ಷರ ಬಾರದ ಒಬ್ಬ ಹೆಂಗಸು ಕೂರುತ್ತಿದ್ದ ಬಾಗಿಲಿಗೂ ನಡುವೆ ಓಡಾಡುತ್ತ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಅವರಿಬ್ಬರ ಹೆಸರಿಲ್ಲ.

ನಮ್ಮೂರು ಚಿಗಟೇರಿ. ಅಪ್ಪ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಮಗಳಿಗೆ ಸುಜಾತಾ ಎಂದು ಹೆಸರಿಟ್ಟದ್ದೂ, ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ ತೂಗುಹಾಕಿದ್ದೂ, ಅಕ್ಕಪಕ್ಕದವರ ಮಾತಿಗೆ ಕಿವಿಗೊಡದೆ ನನ್ನನ್ನು ಕೊಟ್ಟೂರಿನ ಕಾಲೇಜಿಗೆ ಪತ್ರಿಕೋದ್ಯಮ ಓದಲು ಕಳಿಸಿದ್ದೂ ಅವರೇ. ಓದು ಮುಗಿದ ಜೂನ್‌ನಲ್ಲಿ ಕೂಡ್ಲಿಗಿಯ ಹೆಂಗಸರು ಸೇರಿ ನಡೆಸುತ್ತಿದ್ದ ಶೇಂಗಾ ಚಿಕ್ಕಿ ಘಟಕದಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಸಿಕ್ಕಿತು. ಪ್ರಚಾರ ಸಹಾಯಕಿ ಎಂದು ಕಾಗದದಲ್ಲಿ ಬರೆದಿತ್ತು. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ, ಕೆಲಸ ಕೊಟ್ಟ ವೀರೇಶಣ್ಣನಿಗೂ ಗೊತ್ತಿರಲಿಲ್ಲ. ವೀರೇಶಣ್ಣ ಘಟಕದ ವ್ಯವಸ್ಥಾಪಕ. ಊರಿನ ಕಾಳುಕಡಿ ವ್ಯಾಪಾರಸ್ಥರ ಮನೆಯವನು. ಶೇಂಗಾ ಕೊಳ್ಳುವುದರಿಂದ ಹಿಡಿದು ಹಾಸ್ಟೆಲ್ಲುಗಳಿಗೆ, ಅಂಗಡಿಗಳಿಗೆ ಪೊಟ್ಟಣ ಮುಟ್ಟಿಸುವವರೆಗೆ ಎಲ್ಲವೂ ಅವನ ತಲೆಯ ಮೇಲೆ. ನಮ್ಮ ಬಗ್ಗೆ ಪೇಪರಿನಲ್ಲಿ ಬರುತ್ತಿರಬೇಕು ಎಂದಷ್ಟೇ ಅವನು ನನಗೆ ಹೇಳಿದ್ದ.

ಘಟಕವಿದ್ದದ್ದು ಕೊಟ್ಟೂರು ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ. ಹಿಂದೆ ಅದು ಹುಣಸೆಹಣ್ಣಿನ ಗೋದಾಮಾಗಿತ್ತು. ಗೋಡೆಯ ಹತ್ತಿರ ಮೂಗು ತಂದರೆ ಆಗಲೂ ಹುಳಿ ವಾಸನೆ ಬರುತ್ತಿತ್ತು. ಒಳಗೆ ಇಪ್ಪತ್ತೆಂಟು ಹೆಂಗಸರು. ಒಂದು ಮೂಲೆಯಲ್ಲಿ ಹುರಿಯುವವರು, ಇನ್ನೊಂದು ಕಡೆ ಪಾಕ ನೋಡುವವರು, ಉದ್ದನೆಯ ಹಲಗೆಯ ಮೇಲೆ ಲಟ್ಟಿಸಿ ಕತ್ತರಿಸುವವರು. ಅಧ್ಯಕ್ಷೆ ಹನುಮಕ್ಕ ಮಾತ್ರ ದಿನವೆಲ್ಲ ಬಾಗಿಲ ಬೆಳಕಿಗೆ ಕೂತು ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು. ಎತ್ತರದ ಆಳು. ಘಟಕ ಶುರುವಾದದ್ದೇ ಆಕೆಯ ಮನೆಯ ಹಿತ್ತಿಲಿನಲ್ಲಿ, ನಾಲ್ಕು ಜನರಿಂದ. ಅಧ್ಯಕ್ಷೆಯಾದವಳು ಕುರ್ಚಿಯಲ್ಲಿ ಕೂರಬಹುದಿತ್ತು. ಆಕೆ ಒಂದು ದಿನವೂ ಕೂತದ್ದನ್ನು ನಾನು ನೋಡಲಿಲ್ಲ.

ನಾನು ಸೇರಿದ ವಾರವೇ ಹುರಿಯುವ ಹೊಸ ಯಂತ್ರ ಬಂತು. ಅದರ ಉದ್ಘಾಟನೆಯ ಬಗ್ಗೆ ನನ್ನ ಮೊದಲ ಪತ್ರಿಕಾ ಹೇಳಿಕೆ ಬರೆದೆ. ಕಾಲೇಜಿನಲ್ಲಿ ಕಲಿತ ದೊಡ್ಡ ದೊಡ್ಡ ಪದಗಳನ್ನೆಲ್ಲ ಹಾಕಿದ್ದೆ. 'ಮಹಿಳಾ ಸಬಲೀಕರಣದ ನಿಟ್ಟಿನಲ್ಲಿ ಮಹತ್ವಪೂರ್ಣ ಹೆಜ್ಜೆಯನ್ನಿರಿಸಿರುವ' ಎಂದು ಶುರುವಾದ ವಾಕ್ಯ ಏಳು ಸಾಲು ಹೋಗಿ ಅತಿಥಿಗಳ ಹೆಸರುಗಳಲ್ಲಿ ಮುಗಿಯುತ್ತಿತ್ತು. ಐದು ಊರಿನ ವರದಿಗಾರರಿಗೆ ಕಳಿಸಿದೆ. ಒಂದು ಪತ್ರಿಕೆಯಲ್ಲಿ ಎರಡು ಸಾಲು ಬಂತು. ಅದರಲ್ಲಿ ಅತಿಥಿಗಳ ಹೆಸರಿತ್ತು, ಯಂತ್ರ ಏನನ್ನು ಹುರಿಯುತ್ತದೆ ಎನ್ನುವುದು ಇರಲಿಲ್ಲ. ವೀರೇಶಣ್ಣ ಬೈಯಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚನ್ನಬಸಪ್ಪ ಮೇಷ್ಟ್ರಿದ್ದಾರೆ, ಹೋಗಿ ಕಲಿತು ಬಾ ಎಂದ.

ಮೇಷ್ಟ್ರು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಲೇ ಮೂವತ್ತು ವರ್ಷ ಪತ್ರಿಕೆಗೆ ಸುದ್ದಿ ಬರೆದವರು. ಅವರ ಮನೆಗೆ ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದರು: ಒಳಗೆ ಕೂರಿಸುತ್ತಾರಾ? ಕೂರಿಸಿದರು. ಮೇಷ್ಟ್ರ ಹೆಂಡತಿ ನನಗೆ ಚಹಾ ಕೊಟ್ಟು, ಅದೇ ತಟ್ಟೆಯಲ್ಲಿದ್ದ ಇನ್ನೊಂದು ಲೋಟ ತೆಗೆದುಕೊಂಡು ಎದುರಿಗೆ ಕೂತರು. ಆ ರಾತ್ರಿ ಅದನ್ನು ಹೇಳಿದಾಗ ಅಪ್ಪ, ಸರಿ, ಚೆನ್ನಾಗಿ ಕಲಿ ಎಂದರು.

ಮೇಷ್ಟ್ರು ನನ್ನ ಹಾಳೆಯನ್ನು ಎರಡು ಸಲ ಓದಿದರು. "ಹನ್ನೊಂದು ಮಂದಿ ಅತಿಥಿಗಳ ಹೆಸರು ಅದಾವ," ಎಂದರು. "ಶೇಂಗಾ ಹುರಿಯಾಕಿ ಒಬ್ಬಾಕೀದೂ ಇಲ್ಲಲ್ಲ, ತಂಗಿ."

ಆಮೇಲೆ ತಮ್ಮ ಕಾಲದ ಸಂಗತಿ ಹೇಳಿದರು. ಆಗ ಸುದ್ದಿಯನ್ನು ಕವರಿನಲ್ಲಿ ಹಾಕಿ ಹೊಸಪೇಟೆ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದರಂತೆ. ಅಲ್ಲಿ ಪತ್ರಿಕೆಯವರು ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಿದ್ದರು. ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ, ಕತ್ತರಿ ಯಾವಾಗಲೂ ಬುಡಕ್ಕೇ ಬೀಳುತ್ತಿತ್ತು. "ಹಲ್ಲಿಗೆ ಬಾಲ ಹೋದ್ರೂ ಬದುಕತೈತಿ. ತಲಿ ಹೋದ್ರ ಮುಗೀತು. ಸುದ್ದೀನೂ ಹಂಗ ಬರೀಬೇಕು." ಯಾರು, ಏನು, ಎಲ್ಲಿ, ಯಾವಾಗ ಎನ್ನುವುದು ಮೊದಲ ಸಾಲುಗಳಲ್ಲೇ ಇರಬೇಕು. ಯಾಕೆ, ಹೇಗೆ ಎನ್ನುವುದು ಅದರ ಕೆಳಗೆ. ಹೊಗಳಿಕೆ ಎಲ್ಲೂ ಬೇಡ. ಹೊಗಳುವ ಕೆಲಸ ಓದುವವನದು. ಹೊರಡುವಾಗ ಅವರು ಕೊಟ್ಟ ಕೆಲಸ ವಿಚಿತ್ರವಾಗಿತ್ತು. ಹೊಸದಾಗಿ ಬರೆದದ್ದನ್ನು ಮೊದಲು ಹನುಮಕ್ಕನಿಗೆ ಓದಿ ಹೇಳಬೇಕು, ಆಕೆ ಹೂಂಗುಟ್ಟುವುದನ್ನು ಎಲ್ಲಿ ಬಿಡುತ್ತಾಳೋ ಅಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಕೊಂಡು ಬರಬೇಕು.

ಹಾಗೆ ನನ್ನ ಪಾಠ ಶುರುವಾಯಿತು. ನಾನು ಬಾಗಿಲ ಪಕ್ಕದ ಖಾಲಿ ಡಬ್ಬದ ಮೇಲೆ ಕೂತು ಓದುತ್ತಿದ್ದೆ, ಹನುಮಕ್ಕ ಆರಿಸುತ್ತಲೇ ಹೂಂ, ಹೂಂ ಎನ್ನುತ್ತಿದ್ದಳು. 'ಅನುಷ್ಠಾನ' ಎಂದ ಕೂಡಲೇ ಸುಮ್ಮನಾಗುತ್ತಿದ್ದಳು. 'ಈ ಸಂದರ್ಭದಲ್ಲಿ' ಎಂದರೂ ಸುಮ್ಮನಾಗುತ್ತಿದ್ದಳು. ತಿಳಿಯಲಿಲ್ಲವಾ ಎಂದು ಕೇಳಿದರೆ, ತಿಳಿಯಿತು, ಆದರೆ ಅಲ್ಲಿ ಏನೂ ನಡೆಯಲಿಲ್ಲವಲ್ಲ, ಯಾತಕ್ಕೆ ಹೂಂ ಅನ್ನಲಿ ಎನ್ನುತ್ತಿದ್ದಳು. ಮೊದಮೊದಲು ನನ್ನ ಹಾಳೆಯ ತುಂಬ ಗೆರೆಗಳೇ ಇರುತ್ತಿದ್ದವು. ಮೇಷ್ಟ್ರು ಅವನ್ನು ನೋಡಿ ನಗುತ್ತಿದ್ದರು, ಗೆರೆ ಬಿದ್ದ ಜಾಗವನ್ನು ಹೊಡೆದುಹಾಕುತ್ತಿದ್ದರು. ಉಳಿದದ್ದು ಅರ್ಧ ಪುಟ. ಆ ಅರ್ಧ ಪುಟ ಅಚ್ಚಾಗುತ್ತಿತ್ತು.

ಜುಲೈ ಪೂರ್ತಿ ಬಸ್ಸಿನಲ್ಲೇ ಕಳೆಯಿತು. ಫೋನಿನಲ್ಲಿ ಕಳಿಸಿದರೆ ಸಾಲದು, ಬರೆಯುವವರ ಮುಖ ನೋಡಿ ಬಾ ಎಂದಿದ್ದರು ಮೇಷ್ಟ್ರು. ಕೊಟ್ಟೂರಿನ ವರದಿಗಾರರು ಝೆರಾಕ್ಸ್ ಅಂಗಡಿ ನಡೆಸುತ್ತಿದ್ದರು. ಯಂತ್ರದ ಸದ್ದಿನ ನಡುವೆಯೇ ಮಾತು. ಹಡಗಲಿಯವರದು ಫೋಟೊ ಸ್ಟುಡಿಯೊ. ಸಾಲಾಗಿ ನಿಂತು ಕ್ಯಾಮೆರಾ ನೋಡುವ ಚಿತ್ರ ತರಬೇಡ, ಕೈ ಕೆಲಸ ಮಾಡುವಾಗಿನದು ತಾ ಎಂದು ಹೇಳಿಕೊಟ್ಟವರು ಅವರು. ಹೊರಡುವಾಗ ಒಂದು ಮೊಳ ಮಲ್ಲಿಗೆ ಕೊಡಿಸಿದರು. ಹರಪನಹಳ್ಳಿಯವರು ಮಾತ್ರ ಬಿಗಿ ಮನುಷ್ಯ. ನಾನು ಕೊಟ್ಟ ಪ್ರತಿಯೊಂದು ಹೆಸರಿಗೂ, "ಇದು ನೀವು ಕೇಳಿದ್ದಾ, ಕಂಡಿದ್ದಾ?" ಎನ್ನುತ್ತಿದ್ದರು. ಅವರ ಎದುರು ಕೂತಾಗೆಲ್ಲ ಬೆವರುತ್ತಿದ್ದೆ. ಹೊರಗೆ ಒಂದೊಂದು ಊರಿಗೂ ನೆಲದ ಬಣ್ಣ ಬದಲಾಗುತ್ತಿತ್ತು. ಕೂಡ್ಲಿಗಿಯ ಕೆಂಪು ಹೊಲಗಳು ಹಿಂದೆ ಸರಿದು ಕಪ್ಪು ಎರೆಭೂಮಿ ಬರುತ್ತಿತ್ತು. ಇಪ್ಪತ್ತೆರಡರ ವಯಸ್ಸು. ಬ್ಯಾಗಿನಲ್ಲಿ ನಾನೇ ಬರೆದ ಹಾಳೆಗಳು. ಅಷ್ಟು ಹಗುರವಾಗಿ ಮತ್ತೆ ಯಾವತ್ತೂ ಬಸ್ಸಿನಲ್ಲಿ ಕೂತಿಲ್ಲ.

ಹನುಮಕ್ಕ ಪಾಕದ ಹದ ನೋಡುವ ಬಗೆಯ ಮೇಲೆ ನಾನು ಬರೆದದ್ದು ಚಿತ್ರಸಮೇತ ಬಂತು. ನೀರಿನ ಬಟ್ಟಲಿಗೆ ಒಂದು ಹನಿ ಪಾಕ ಬಿಟ್ಟು, ಅದನ್ನು ತಟ್ಟೆಗೆ ಬಡಿದಾಗ ಟಣ್ಣೆಂದರೆ ಹದ ಬಂದಂತೆ. ಆ ದಿನ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಪತ್ರಿಕೆ ನೋಡಿದರು. ಹನುಮಕ್ಕ ಹಾಳೆಯನ್ನು ಕಣ್ಣಿನ ತೀರ ಹತ್ತಿರ ತಂದು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಸಂತೋಷಕ್ಕೆ ಹಾಗೆ ಹಿಡಿದಿದ್ದಾಳೆ ಎಂದುಕೊಂಡೆ.

ಆಗಸ್ಟ್‌ನಲ್ಲಿ ಜಡಿಮಳೆ ಹಿಡಿಯಿತು. ನಮ್ಮ ಸೀಮೆಗೆ ಮಳೆ ಬಂದರೆ ಒಂದು ಗಳಿಗೆ ಸುರಿದು ಹೋಗುವುದೇ ರೂಢಿ. ಆ ವರ್ಷ ಆಶ್ಲೇಷ ಮಳೆ ವಾರ ದಾಟಿದರೂ ಬಿಡಲಿಲ್ಲ. ಹಗಲೆಲ್ಲ ಸಂಜೆಯಂತಿರುತ್ತಿತ್ತು. ಶೆಡ್ಡಿನ ತಗಡು ಒಂದು ಮೂಲೆಯಲ್ಲಿ ಸೋರತೊಡಗಿತು, ಅಲ್ಲಿದ್ದ ಚೀಲಗಳನ್ನು ಎಳೆದು ಈಚೆಗೆ ಹಾಕಿದರು. ಅದಾಗಿ ಎರಡು ವಾರಕ್ಕೆ ಒಂದು ಬೆಳಿಗ್ಗೆ ಎಲ್ಲರ ಫೋನಿಗೂ ಒಂದೇ ಧ್ವನಿಸಂದೇಶ ಬಂತು. ಹಗರಿಬೊಮ್ಮನಹಳ್ಳಿ ಕಡೆಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಕೂಡ್ಲಿಗಿ ಚಿಕ್ಕಿ ತಿಂದು ಹುಡುಗಿಯರು ವಾಂತಿ ಮಾಡಿಕೊಂಡು ಬಿದ್ದಿದ್ದಾರೆ, ಯಾರೂ ಮಕ್ಕಳಿಗೆ ಕೊಡಬೇಡಿ ಎಂದು ಯಾವನೋ ಗಾಬರಿಯ ದನಿಯಲ್ಲಿ ಹೇಳಿದ್ದ. ಮಧ್ಯಾಹ್ನದ ಹೊತ್ತಿಗೆ ಮೂರು ಅಂಗಡಿಯವರು ಪೊಟ್ಟಣ ವಾಪಸ್ಸು ಒಯ್ಯಿರಿ ಎಂದರು.

ವೀರೇಶಣ್ಣ ಮುಖ ಬಾಡಿಸಿಕೊಂಡು ಬಂದ. ಸುದ್ದಿ ಸತ್ಯಕ್ಕೆ ದೂರ, ಇದು ಕಿಡಿಗೇಡಿಗಳ ಕೃತ್ಯ, ಕಾನೂನು ಕ್ರಮ ಜರುಗಿಸುತ್ತೇವೆ ಎಂದು ತಕ್ಷಣ ಬರೆದು ಐದೂ ಊರಿಗೆ ಕಳಿಸಲು ಹೇಳಿದ. ಬರೆದೆ. ಅಂಥದ್ದನ್ನು ಬರೆಯುವುದು ಬಹಳ ಸುಲಭ ಎಂದು ಆ ದಿನ ತಿಳಿಯಿತು; ಪದಗಳು ತಾವಾಗಿ ಬಂದು ಕೂರುತ್ತವೆ. ಕಳಿಸುವ ಮುಂಚೆ ರೂಢಿಯಂತೆ ಹನುಮಕ್ಕನ ಬಳಿ ಹೋಗಿ ಓದಿದೆ. ಆಕೆಯ ಕೈ ಮೊರದ ಮೇಲೆ ನಿಂತಿತ್ತು. ಮೊದಲ ಸಾಲಿಗೂ ಹೂಂ ಅನ್ನಲಿಲ್ಲ, ಎರಡನೆಯದಕ್ಕೂ ಅನ್ನಲಿಲ್ಲ. ಪೂರ್ತಿ ಓದಿ ಮುಗಿಸಿದ ಮೇಲೆ ಕೇಳಿದಳು.

"ನೀ ಹೋಗಿ ನೋಡಿಯೇನವ್ವ?"

ಇಲ್ಲ ಎಂದೆ.

"ಮತ್ತ ಸುಳ್ಳು ಅಂತ ಹೆಂಗ ಬರದಿ?"

ಅರ್ಧ ತಾಸಿನಲ್ಲಿ ನಾವಿಬ್ಬರೂ ಬಸ್ಸಿನಲ್ಲಿದ್ದೆವು. ಹಾಸ್ಟೆಲಿನ ವಾರ್ಡನ್ ಮೊದಲು ಸಿಟ್ಟಿನಲ್ಲಿದ್ದರು, ಹನುಮಕ್ಕ ಮಕ್ಕಳನ್ನು ನೋಡಬೇಕು ಎಂದಷ್ಟೇ ಹೇಳಿದ ಮೇಲೆ ಒಳಗೆ ಬಿಟ್ಟರು. ಮೂವರು ಹುಡುಗಿಯರಿಗೆ ವಾಂತಿಯಾಗಿದ್ದು ನಿಜವಾಗಿತ್ತು. ಡಾಕ್ಟರು ಬಂದು ನೋಡಿ ಹೋಗಿದ್ದರು, ಈಗ ಮೂವರೂ ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ಬಿದ್ದಿದ್ದಾರೆ ಎನ್ನುವುದು ಸುಳ್ಳು, ವಾಂತಿ ಸುಳ್ಳಲ್ಲ. ಹನುಮಕ್ಕ ಒಬ್ಬೊಬ್ಬರ ಹಣೆ ಮುಟ್ಟಿ ನೋಡಿದಳು. ಅವರಲ್ಲಿ ಪವಿತ್ರಾ ಎನ್ನುವವಳು, ಏಳನೆಯ ತರಗತಿ, ತಿಂದು ಉಳಿದ ಅರ್ಧ ಪೊಟ್ಟಣವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಕಹಿ ಇತ್ತು, ಆದರೂ ಬಿಸಾಡಲು ಮನಸ್ಸಾಗಲಿಲ್ಲ ಎಂದಳು. ಹನುಮಕ್ಕ ಅದನ್ನು ಮೂಸಿದಳು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮುಗ್ಗಲು ಹಿಡಿದ ಶೇಂಗಾ. ನನಗೂ ಒಂದು ಚೂರು ಕೊಟ್ಟಳು. ಆ ಕಹಿ ಸಂಜೆಯವರೆಗೂ ನಾಲಿಗೆಯಿಂದ ಹೋಗಲಿಲ್ಲ.

ವಾಪಸ್ಸು ಬರುವಾಗ ಕಿಟಕಿಗೆ ಮಳೆಯ ಹನಿ ಹೊಡೆಯುತ್ತಿತ್ತು. ಅರ್ಧ ದಾರಿ ಬಂದಿರಬಹುದು.

"ಸೋರೋ ಮೂಲಿ ಚೀಲ ಆರಿಸಿದಾಕಿ ನಾನ," ಎಂದಳು ಹನುಮಕ್ಕ. "ನನಗ ಕಣ್ಣು ಕಾಣಂಗಿಲ್ಲ, ಸುಜಾತವ್ವ. ಎರಡು ವರ್ಷ ಆತು. ಬೆಳಕಿಗೆ ಕುಂತ್ರ ಜರಾ ಕಾಣತಿತ್ತು. ಆ ವಾರ ಬೆಳಕ ಇರಲಿಲ್ಲ."

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಮನೆಯಲ್ಲಿ ಕೂರಿಸುತ್ತಿದ್ದರು ಎಂದಳು. ಹುಳುಕು, ಸಣ್ಣದು, ಒಡೆದದ್ದು ಬೆರಳಿಗೆ ತಿಳಿಯುತ್ತದೆ. ಬೂಸ್ಟಿನ ಬಣ್ಣ ಬೆರಳಿಗೆ ತಿಳಿಯುವುದಿಲ್ಲ ಎಂದಳು. ನನಗೆ ಆ ಪತ್ರಿಕೆ ಹಿಡಿದುಕೊಂಡಿದ್ದ ಕೈಗಳು ನೆನಪಾದವು. ಎರಡು ತಿಂಗಳು ಪಕ್ಕದಲ್ಲಿ ಕೂತು ಆಕೆ ಎಲ್ಲಿ ಸುಮ್ಮನಾಗುತ್ತಾಳೆ ಎಂದು ಗಮನಿಸಿದ್ದೆ. ಆಕೆಯ ಕಣ್ಣನ್ನು ಒಂದು ಸಲವೂ ಗಮನಿಸಿರಲಿಲ್ಲ.

ಮರುದಿನ ಶೆಡ್ಡಿನಲ್ಲಿ ಎಲ್ಲ ಹೆಂಗಸರ ಎದುರು ಹನುಮಕ್ಕ ಇದನ್ನೇ ಹೇಳಿದಳು. ಯಂತ್ರ ನಿಲ್ಲಿಸಿದ್ದರಿಂದ ತಗಡಿನ ಮೇಲಿನ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ವೀರೇಶಣ್ಣ ನನ್ನನ್ನು ಹೊರಗೆ ಕರೆದ. "ಇದನ್ನ ಒಪ್ಪಿಕೊಂಡ್ರ ನಾಳೆ ಬಾಗಲಾ ಹಾಕಬೇಕಾಗತೈತಿ. ಇಪ್ಪತ್ತೆಂಟು ಮನಿ ಒಲಿ ಇದರ ಮ್ಯಾಲೆ ಉರಿತಾವ. ನೀನು ವರ್ಷ ಮುಗಿಸಿ ಹೋಗಾಕಿ." ಅವನು ಕೆಟ್ಟವನಾಗಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು ಅಲ್ಲಿಂದ ಮೇಷ್ಟ್ರ ಮನೆಗೆ ನಡೆದೆ.

ಮೇಷ್ಟ್ರು ಎಲ್ಲ ಕೇಳಿದರು. ಏನು ಬರೆಯಬೇಕು ಎನ್ನುವುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಆದದ್ದೇನು, ಈಗ ಮಕ್ಕಳು ಹೇಗಿದ್ದಾರೆ, ಯಾವ ಪೊಟ್ಟಣ ತಿನ್ನಬಾರದು, ನೀವು ಏನು ಮಾಡುತ್ತೀರಿ, ಇಷ್ಟೇ. ಒಂದು ತಾಯಿ ಇದನ್ನು ಓದಿದರೆ ಅವಳಿಗೆ ಯಾವ ಸಾಲು ಬೇಕೋ ಅದು ಮೇಲಿರಲಿ ಎಂದರು. ಹೆಸರು ಹಾಕುವ ಮಾತು ಬಂದಾಗ ಅವರೂ ತಡೆದರು. ಹನುಮಕ್ಕ ಶೆಡ್ಡಿನಲ್ಲೇ ತನ್ನ ಹೆಸರು ಹಾಕಲೇಬೇಕು ಎಂದು ಹಟ ಹಿಡಿದಿದ್ದಳು. ಹೆಸರಿಲ್ಲದಿದ್ದರೆ ಊರ ಮಂದಿ ಇಪ್ಪತ್ತೆಂಟು ಜನರ ಕೈಯನ್ನೂ ಅನುಮಾನಿಸುತ್ತಾರೆ, ಯಾರು ಎನ್ನುವುದು ಮೊದಲೇ ಬರಬೇಕು ಎಂದು ಓದಿ ಓದಿ ಹೇಳಿದವಳು ನೀನೇ ಅಲ್ಲವಾ ಎಂದು ನನ್ನನ್ನೇ ಕೇಳಿದ್ದಳು.

"ಹೆಸರು ಆಕಿದು. ಹಾಕು ಅಂದ್ರ ಹಾಕಬೇಕು," ಎಂದರು ಮೇಷ್ಟ್ರು ಕೊನೆಗೆ. "ಆದ್ರ ಒಂದು ಮಾತು ಆಕಿಗೆ ತಿಳಿಸಿ ಹೇಳು. ನಾವು ಬರೆಯೋದು ನಮ್ಮ ಕೈಯಾಗ ಐತಿ. ಮ್ಯಾಲಿನ ತಲಿಬರಹ ಪತ್ರಿಕಿಯವರದು. ಅವರು ಏನು ಹಾಕ್ತಾರ ನಮಗ ಗೊತ್ತಿರಂಗಿಲ್ಲ."

ಹೇಳಿದೆ. ಆದರೆ ಅರ್ಧ ಹೇಳಿದೆ. ಪತ್ರಿಕೆಯವರು ಸ್ವಲ್ಪ ಹಿಂದೆಮುಂದೆ ಮಾಡಬಹುದು ಎಂದೆ, ಅಷ್ಟೇ. ಪೂರ್ತಿ ಹೇಳಿದರೆ ಎಲ್ಲಿ ಹಿಂಜರಿಯುತ್ತಾಳೋ ಎಂದು ಭಯವಾಗಿತ್ತು. ಆ ಹೇಳಿಕೆ ಚೆನ್ನಾಗಿ ಬಂದಿತ್ತು, ನನ್ನ ಕೈಯಿಂದ ಅಲ್ಲಿಯವರೆಗೆ ಅಂಥದ್ದು ಬಂದಿರಲಿಲ್ಲ. ಆಕೆಯ ಮಾತಿಲ್ಲದೆ ಅದು ನಿಲ್ಲುತ್ತಿರಲಿಲ್ಲ.

ಅದರ ಸಾಲುಗಳು ನನಗೆ ಬಾಯಿಪಾಠ. 'ಕೂಡ್ಲಿಗಿಯ ನಮ್ಮ ಘಟಕದ ಶೇಂಗಾ ಚಿಕ್ಕಿ ತಿಂದು ಮೂವರು ವಿದ್ಯಾರ್ಥಿನಿಯರಿಗೆ ವಾಂತಿಯಾಗಿದೆ. ಮೂವರೂ ಈಗ ಆರಾಮಾಗಿದ್ದಾರೆ. ಅದರ ಜೊತೆಗೇ ತಯಾರಾದ, ಹಸಿರು ಚೀಟಿ ಇರುವ ಪೊಟ್ಟಣಗಳನ್ನು ಯಾರೂ ತಿನ್ನಬಾರದು. ಕೊಂಡ ಅಂಗಡಿಗೆ ಮರಳಿಸಬೇಕು. ಮಳೆ ನೀರು ತಾಗಿ ಒಂದು ಚೀಲದ ಶೇಂಗಾ ಮುಗ್ಗಲು ಹಿಡಿದಿತ್ತು. "ಆ ಚೀಲ ಆರಿಸಿದವಳು ನಾನು. ನನ್ನ ಕಣ್ಣು ಮಂಜಾಗಿದೆ. ಅದನ್ನು ಹೇಳದೆ ಮುಚ್ಚಿಟ್ಟದ್ದು ನನ್ನ ತಪ್ಪು" ಎಂದು ಘಟಕದ ಅಧ್ಯಕ್ಷೆ ಹನುಮಕ್ಕ ತಿಳಿಸಿದ್ದಾರೆ. ಶೆಡ್ಡು ದುರಸ್ತಿಯಾಗಿ, ಇರುವ ಶೇಂಗಾ ಎಲ್ಲವನ್ನೂ ಮತ್ತೆ ಆರಿಸುವವರೆಗೆ ಘಟಕ ಮುಚ್ಚಿರುತ್ತದೆ.' ಇದನ್ನು ಓದಿದಾಗ ಹನುಮಕ್ಕ ಪ್ರತಿ ಸಾಲಿಗೂ ಹೂಂ ಎಂದಳು. ನನ್ನ ಹಾಳೆಗೆ ಗೆರೆ ಬೀಳದೇ ಇದ್ದದ್ದು ಅದೊಂದೇ ಸಲ.

ಅಧ್ಯಕ್ಷೆಯ ಮಾತಿನ ಮೇಲೆ ಅದನ್ನು ಐದೂ ಊರಿಗೆ ಕಳಿಸಿದೆ; ವೀರೇಶಣ್ಣ ಮುಖ ತಿರುಗಿಸಿಕೊಂಡ, ಆದರೆ ತಡೆಯಲಿಲ್ಲ. ನಾಲ್ಕು ಊರಿನ ವರದಿಗಾರರು ಅದನ್ನು ಇದ್ದ ಹಾಗೆಯೇ ಪತ್ರಿಕೆಗೆ ಕಳಿಸಿದರು. ಹರಪನಹಳ್ಳಿಯವರು ಫೋನು ಮಾಡಿ ಕೇಳಿದ್ದಾ, ಕಂಡಿದ್ದಾ ಎಂದರು; ಕಂಡದ್ದು, ತಿಂದೂ ನೋಡಿದ್ದು ಎಂದೆ. ಅವರು ಇನ್ನೇನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಪತ್ರಿಕೆಗಳು ಬಂದವು. ಎರಡು ಪತ್ರಿಕೆಗಳಲ್ಲಿ ಸರಿಯಾಗಿತ್ತು. ಮೂರನೆಯದು, ಊರಲ್ಲಿ ಎಲ್ಲರೂ ಓದುವಂಥದ್ದು, ದಪ್ಪ ಅಕ್ಷರದಲ್ಲಿ 'ಕಣ್ಣು ಕಾಣದ ಅಜ್ಜಿಯ ಕೈಗೆ ಮಕ್ಕಳ ತಿಂಡಿ!' ಎಂದು ಹಾಕಿತ್ತು. ಕೆಳಗೆ ಹನುಮಕ್ಕನ ಚಿತ್ರ. ಜುಲೈಯಲ್ಲಿ ಪಾಕದ ಹದ ನೋಡುವಾಗ ನಾನೇ ತೆಗೆದು ಕೊಟ್ಟದ್ದು.

ಅದನ್ನು ಹಿಡಿದುಕೊಂಡು ಆಕೆಯ ಮನೆಗೆ ಹೋದೆ. ಬೇರೆ ಯಾರಾದರೂ ಓದಿ ಹೇಳುವ ಮುಂಚೆ ನಾನೇ ಹೇಳಬೇಕು ಎಂದುಕೊಂಡಿದ್ದೆ. ಹನುಮಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಪೇಪರಿನಲ್ಲಿ ಏನು ಹಾಕಿದ್ದಾರೆ ಎಂದು ಕೇಳಿದಳು. ನಾನು ಹಾಳೆ ಬಿಡಿಸಿದೆ. 'ತಪ್ಪು ಒಪ್ಪಿಕೊಂಡ ಮಹಿಳಾ ಘಟಕ' ಎಂದು ಓದಿದೆ. ಅಂಥ ಸಾಲು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಅದರ ಕೆಳಗಿನದನ್ನೂ ನಾನು ಬರೆದ ಹಾಗೆಯೇ ಬಾಯಿಪಾಠ ಒಪ್ಪಿಸಿದೆ. ಚೆನ್ನಾಗಿ ಹಾಕಿದ್ದಾರೆ ಎಂದು ಆಕೆ ಪತ್ರಿಕೆಯನ್ನು ಕೇಳಿ ಇಸಿದುಕೊಂಡು ಮಡಿಸಿ ಒಳಗೆ ಇಟ್ಟಳು. ಎರಡು ತಿಂಗಳು ಕಲಿತ ಕಸುಬಿನಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಹೇಳಿದ್ದು ಆ ಕಸುಬನ್ನು ಕಲಿಸಿದವಳಿಗೆ.

ಘಟಕ ಮೂರು ವಾರ ಮುಚ್ಚಿತ್ತು. ಹಸಿರು ಚೀಟಿಯ ಪೊಟ್ಟಣಗಳು ಹೆಚ್ಚುಕಡಿಮೆ ಎಲ್ಲ ವಾಪಸ್ಸು ಬಂದವು. ಬಸ್ಸಿನಲ್ಲಿ ಬಂದು ಕೊಟ್ಟು ಹೋದವರೂ ಇದ್ದರು. ವೀರೇಶಣ್ಣ ತಾನೇ ಶೆಡ್ಡಿನ ಮೇಲೆ ಹತ್ತಿ ತಗಡು ಬದಲಿಸಿದ. ನನ್ನೊಂದಿಗೆ ಬಹಳ ದಿನ ಮಾತಾಡಲಿಲ್ಲ. ಇಪ್ಪತ್ತೆಂಟೂ ಹೆಂಗಸರ ಕಣ್ಣು ತಪಾಸಣೆ ಮಾಡಿಸಿದ, ಆರು ಮಂದಿಗೆ ಕನ್ನಡಕ ಬಂತು. ಮತ್ತೆ ಚಿಕ್ಕಿ ಬೇಕು ಎಂದು ಮೊದಲು ಫೋನು ಮಾಡಿದವರು ಆ ಹಾಸ್ಟೆಲಿನ ವಾರ್ಡನ್. ಆ ದಿನ ವೀರೇಶಣ್ಣ ನನ್ನ ಮೇಜಿನ ಹತ್ತಿರ ಬಂದು, ಇದನ್ನೂ ಪೇಪರಿಗೆ ಬರಿ ತಂಗಿ ಎಂದ. ದೀಪಾವಳಿಯ ಹೊತ್ತಿಗೆ ಒಲೆಗಳೆಲ್ಲ ಉರಿಯುತ್ತಿದ್ದವು. ಹನುಮಕ್ಕ ಮಾತ್ರ ಬರಲಿಲ್ಲ. ಅಧ್ಯಕ್ಷೆಯ ಸ್ಥಾನ ಬಿಟ್ಟು ಹರಪನಹಳ್ಳಿ ಕಡೆಯ ಮಗಳ ಊರಿಗೆ ಹೋಗಿದ್ದಳು. ಬಾಗಿಲ ಬೆಳಕಿಗೆ ಬೇರೆ ಇಬ್ಬರು ಕೂರುತ್ತಿದ್ದರು. ನಾನು ಬರೆದದ್ದನ್ನು ಅವರಿಗೆ ಓದಿದರೆ, ನಮಗೇನು ತಿಳಿಯುತ್ತದೆ ಮೇಡಂ, ಚಲೋ ಐತಿ ಎನ್ನುತ್ತಿದ್ದರು.

ಆ ಘಟಕ ಈಗ ಊರಾಚೆಯ ಸ್ವಂತ ಜಾಗದಲ್ಲಿದೆ ಎಂದು ಕೇಳಿದ್ದೇನೆ. ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಯಿತು, ಹನುಮಕ್ಕ ಅವರಿಗಿಂತ ಮೊದಲೇ ಹೋದಳು. ಎರಡು ಸಲವೂ ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾನು ಈ ಕಡೆಗೆ ಬರುವುದು ಕೆಲಸವಿದ್ದಾಗ ಮಾತ್ರ, ಬಂದ ದಿನವೇ ತಿರುಗಿ ಹೋಗುತ್ತೇನೆ. ಆದರೆ ಎಷ್ಟೋ ಸಲ ಕಚೇರಿಯಲ್ಲಿ ಹೇಳಿಕೆ ಬರೆದು ಮುಗಿಸಿ, ಕಳಿಸುವ ಮುಂಚೆ, ಬಾಗಿಲು ಹಾಕಿಕೊಂಡು ಜೋರಾಗಿ ಓದುತ್ತೇನೆ. ಎದುರಿನ ಕುರ್ಚಿ ಖಾಲಿ ಇರುತ್ತದೆ. ಎಲ್ಲಿ ತಪ್ಪಿದೆ ಎಂದು ಅದು ಹೇಳುವುದಿಲ್ಲ.

ಹನುಮಕ್ಕನನ್ನು ನಾನು ಕಡೆಯ ಸಲ ಕಂಡದ್ದು ಆ ವರ್ಷ ಮುಗಿದು ನಾನು ಕೂಡ್ಲಿಗಿ ಬಿಡುವಾಗ. ಹೇಳಿ ಹೋಗೋಣವೆಂದು ಮಗಳ ಊರಿಗೆ ಹೋಗಿದ್ದೆ. ದಾವಣಗೆರೆಯಲ್ಲಿ ಪೊರೆ ತೆಗೆಸಿ ಆಕೆಯ ಎರಡೂ ಕಣ್ಣು ಸರಿಹೋಗಿದ್ದವು. ಅಂಗಳದಲ್ಲಿ ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನೀನೇನಾ ಸುಜಾತವ್ವ ಎಂದಳು. ದನಿ ಕೇಳಿ ಬೇರೆ ಏನೋ ಮುಖ ಅಂದುಕೊಂಡಿದ್ದಳಂತೆ. ಊಟಕ್ಕೆ ಹಾಕಿದಳು. ಉಂಡು ಕೈ ತೊಳೆದು ಬಂದಾಗ ಟ್ರಂಕಿನಿಂದ ಮಡಿಸಿದ ಪತ್ರಿಕೆಯೊಂದನ್ನು ತೆಗೆದು ನನ್ನ ಮುಂದೆ ಇಟ್ಟಳು.

"ಅವತ್ತ ನೀ ಓದಿದ್ದು ಇದರಾಗ ಇಲ್ಲಂತ. ಮೊಮ್ಮಗಳು ಓದಿ ಹೇಳ್ಯಾಳ."

ಮೇಷ್ಟ್ರು ಹೇಳಿದ್ದನ್ನು ಪೂರ್ತಿ ನಿನಗೆ ತಿಳಿಸಲಿಲ್ಲ, ತಿಳಿಸಿದ್ದರೆ ನೀನು ಹೆಸರು ಹಾಕಿಸುತ್ತಿರಲಿಲ್ಲವೇನೋ ಎಂದೆ. ಅಷ್ಟು ಹೇಳಲು ಬಹಳ ಹೊತ್ತು ಬೇಕಾಯಿತು. ಆಕೆ, ಈಗ ಇದ್ದದ್ದನ್ನು ಇದ್ದಂತೆ ಓದು ಎಂದಳು.

ಓದಿದೆ. ಆ ತಲೆಬರಹವನ್ನೂ ಓದಿದೆ, ಅದರ ಕೆಳಗೆ ಅವರು ತಿರುಚಿ ಬರೆದದ್ದನ್ನೂ ಓದಿದೆ. ಹನುಮಕ್ಕ ಕಂಬಕ್ಕೆ ಒರಗಿ ಕಡೆಯ ಸಾಲಿನವರೆಗೂ ಕೇಳಿಸಿಕೊಂಡಳು. ಆಮೇಲೆ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತನಗೆ ಓದಲು ಬಾರದ ಆ ಅಕ್ಷರಗಳನ್ನು ಹೊಸ ಕಣ್ಣಿನಿಂದ ಸ್ವಲ್ಪ ಹೊತ್ತು ನೋಡಿದಳು.

"ನನ್ನ ಬಗ್ಗೆ ಏನರ ಬರಕೊಳ್ಳಲಿ," ಎಂದಳು. "ಮಕ್ಕಳು ಆರಾಮ ಅದಾವ ಅಂತ ನೀ ಎರಡನೇ ಸಾಲಿಗೆ ಬರದಿದ್ದಿ. ಇವರು ಅದನ್ನ ಕೊನಿಗೆ ಒಯ್ದಾರ ನೋಡು. ಅಲ್ಲೀತನಕ ಓದೋದ್ರಾಗ ಆ ತಾಯಂದಿರ ಜೀವ ಏನಾಗಿರಬೇಕು."